ಸ್ಟ್ರೋಕ್ ಆದವರಿಗೆ ಯಾವ ಮ್ಯೂಸಿಕ್ ಥೆರಪಿ? ರಾಗಕ್ಕಿಂತ ಮೊದಲು ನೋಡಬೇಕಾದದ್ದು

ಅಪ್ಪಯ್ಯನಿಗೆ ಸ್ಟ್ರೋಕ್ ಆಗಿ ಆಸ್ಪತ್ರೆಯಿಂದ ಮನೆಗೆ ಬಂದ ಮೊದಲ ವಾರ, ನೋಡಲು ಬಂದವರೆಲ್ಲ ಒಂದೊಂದು ರಾಗದ ಹೆಸರು ಹೇಳಿ ಹೋದರು. ಒಬ್ಬರು ಬೆಳಿಗ್ಗೆ ಭೈರವಿ ಹಾಕಿ ಅಂದರು. ಇನ್ನೊಬ್ಬರು ರಾತ್ರಿ ದರ್ಬಾರಿ ಅಂದರು. ಮೂರನೆಯವರು ವಾಟ್ಸಾಪಿನಲ್ಲಿ ಒಂದು ಚಾರ್ಟ್ ಕಳಿಸಿದರು, ಅದರಲ್ಲಿ ಬಿಪಿಗೊಂದು ರಾಗ, ಶುಗರ್‌ಗೊಂದು ರಾಗ, ಪಾರ್ಶ್ವವಾಯುವಿಗೆ ಮತ್ತೊಂದು. ಅಪ್ಪಯ್ಯ ಜಗಲಿಯ ಮಂಚದಲ್ಲಿ ಒರಗಿ ಎಲ್ಲರ ಬಾಯಿ ನೋಡುತ್ತಿದ್ದ. ಅವನಿಗೆ ಎಲ್ಲ ಅರ್ಥವಾಗುತ್ತಿತ್ತು. ತಿರುಗಿ ಹೇಳಲು ಮಾತ್ರ ಬರುತ್ತಿರಲಿಲ್ಲ. ಬಲಗೈ ತೊಡೆಯ ಮೇಲೆ ಬಿದ್ದುಕೊಂಡಿತ್ತು, ಬಲಗಾಲು ಎಳೆಯುತ್ತಿತ್ತು.

ಇವನಿಗೆ ಈಗ ಹೋಗಿರುವುದು ಏನು, ಮಾತಾ, ಕಾಲಾ, ಕೈಯಾ, ನೆನಪಾ ಅಂತ ಬಂದವರಲ್ಲಿ ಒಬ್ಬರೂ ಕೇಳಲಿಲ್ಲ.

ಮನೆ ಶಿರಸಿ ಹತ್ತಿರ. ಆಮೇಲೆ ಕುಮಟಾ, ಅಂಕೋಲಾ, ಕಾರವಾರದ ಕಡೆಯ ನೆಂಟರು, ನೆಂಟರ ನೆಂಟರು ಫೋನ್ ಮಾಡಿ ಇದನ್ನೇ ಕೇಳುತ್ತಿದ್ದಾರೆ. ಮ್ಯೂಸಿಕ್ ಥೆರಪಿ ಮಾಡಿಸಬೇಕಾ, ಎಲ್ಲಿ, ಯಾವುದು ಒಳ್ಳೆಯದು ಅಂತ. ಹಾಗಾಗಿ ಒಂದೇ ಕಡೆ ಬರೆದಿಡುತ್ತಿದ್ದೇನೆ. ನಾನು ಡಾಕ್ಟರ್ ಅಲ್ಲ, ಎರಡು ವರ್ಷ ಇದರ ಹಿಂದೆ ಓಡಾಡಿದ ಮಗ ಅಷ್ಟೇ. ಔಷಧಿ ಮಾತ್ರೆಯ ವಿಷಯಕ್ಕೆ ನಾನು ಬರುವುದಿಲ್ಲ, ಅದನ್ನು ನಿಮ್ಮ ಡಾಕ್ಟರ್ ಹೇಳಿದ ಹಾಗೇ ಮಾಡಿ.

ಮ್ಯೂಸಿಕ್ ಥೆರಪಿ ಅನ್ನುವ ಹೆಸರಿನ ಒಂದೇ ಔಷಧಿ ಇಲ್ಲ. ಮಾತು ಹೋದವರಿಗೆ ಮಾಡಿಸುವುದು ಬೇರೆ, ಕಾಲು ಎಳೆಯುವವರಿಗೆ ಬೇರೆ, ಕೈಗೆ ಬೇರೆ, ಮಂಕಾಗಿ ಕೂತವರಿಗೆ ಬೇರೆ. ಒಂದಕ್ಕೆ ಇನ್ನೊಂದು ಆಗಿಬರುವುದಿಲ್ಲ. ಸ್ಟ್ರೋಕ್ ಮತ್ತು ತಲೆಪೆಟ್ಟಿನವರ ಮೇಲೆ ನಡೆದ 29 ಪ್ರಯೋಗಗಳನ್ನು, ಅಂದರೆ 775 ಜನರ ಲೆಕ್ಕವನ್ನು, 2017ರಲ್ಲಿ ಕಾಕ್ರೇನ್ ಎಂಬ ಸಂಸ್ಥೆಯವರು ಒಟ್ಟು ಹಾಕಿ ನೋಡಿದ್ದಾರೆ. ನಡಿಗೆಗೆ, ತೋಳಿನ ಚಲನೆಯ ಹೊಂದಾಣಿಕೆಗೆ, ಮಾತುಕತೆಗೆ, ಒಟ್ಟು ಬದುಕಿನ ನೆಮ್ಮದಿಗೆ ಅನುಕೂಲ ಆಗಬಹುದು ಅಂತ ಹೇಳಿದ್ದಾರೆ. ಜೊತೆಗೆ ಬಹಳಷ್ಟು ಪ್ರಯೋಗಗಳು ಚಿಕ್ಕವು, ಪುರಾವೆ ಗಟ್ಟಿ ಇಲ್ಲ ಅಂತಲೂ ಹೇಳಿದ್ದಾರೆ. ಪವಾಡ ಅಂತ ಯಾರಾದರೂ ಮಾರಲು ಬಂದರೆ ಈ ಎರಡನೇ ಮಾತು ನೆನಪಿರಲಿ.

ಸುಮ್ನೆ ಕೇಳಿಸುವುದು

ಎಲ್ಲಕ್ಕಿಂತ ಅಗ್ಗದ್ದು ಇದು. ಆದರೆ ಇದಕ್ಕೂ ಒಂದು ಕ್ರಮ ಇದೆ.

ಫಿನ್‌ಲ್ಯಾಂಡಿನ ಹೆಲ್ಸಿಂಕಿಯಲ್ಲಿ 60 ಜನ ಸ್ಟ್ರೋಕ್ ರೋಗಿಗಳನ್ನು ಮೂರು ಗುಂಪು ಮಾಡಿ ನೋಡಿದ್ದರು, 2008ರಲ್ಲಿ ಅದರ ಫಲ ಹೊರಬಂತು. ಒಂದು ಗುಂಪಿನವರು ದಿನಾ ಒಂದು ಗಂಟೆಯಾದರೂ ತಮಗೆ ಇಷ್ಟವಾದ ಹಾಡು ಕೇಳಬೇಕು. ಇನ್ನೊಂದು ಗುಂಪಿನವರು ಯಾರೋ ಓದಿ ರೆಕಾರ್ಡ್ ಮಾಡಿದ ಪುಸ್ತಕ ಕೇಳಬೇಕು. ಮೂರನೆಯವರಿಗೆ ಎರಡೂ ಇಲ್ಲ. ಮಾಮೂಲಿ ಚಿಕಿತ್ಸೆ ಎಲ್ಲರಿಗೂ ಇತ್ತು. ಎರಡು ತಿಂಗಳು ಹೀಗೆ ಮಾಡಿದ ಮೇಲೆ ನೋಡಿದರೆ, ಹಾಡು ಕೇಳಿದವರಿಗೆ ಮಾತು ನೆನಪಿಟ್ಟುಕೊಳ್ಳುವ ಶಕ್ತಿ ಮತ್ತು ಗಮನ ಉಳಿದವರಿಗಿಂತ ಚೆನ್ನಾಗಿ ಮರಳಿತ್ತು, ಮಂಕು ಕಡಿಮೆ ಇತ್ತು. 2020ರಲ್ಲಿ ಅಲ್ಲಿಯವರೇ ಇನ್ನೊಂದು ವಿಷಯ ಹೇಳಿದರು. ಬರೀ ವಾದ್ಯಕ್ಕಿಂತ ಮಾತಿರುವ ಹಾಡು ಈ ಕೆಲಸಕ್ಕೆ ಮೇಲು.

ಇದರಲ್ಲಿ ನಮಗೆ ಬೇಕಾದದ್ದು ಎರಡು ಸಂಗತಿ. ಕೊಳಲು, ಸಿತಾರ್ ಅಂತ ಹುಡುಕುವ ಬದಲು ರೋಗಿಗೆ ಅರ್ಥವಾಗುವ ಭಾಷೆಯ ಹಾಡು ಹಾಕಿ. ಮತ್ತೆ, ಹಾಡನ್ನು ರೋಗಿ ಆರಿಸಬೇಕು, ನೀವಲ್ಲ. ನಮ್ಮ ಆಯಿ, ಅಂದರೆ ಅಮ್ಮ, ದಿನಾ ಬೆಳಿಗ್ಗೆ ಭಕ್ತಿಯಿಂದ ಸ್ತೋತ್ರ ಹಾಕುತ್ತಿದ್ದಳು, ಅಪ್ಪಯ್ಯ ಗೋಡೆ ಕಡೆ ಮುಖ ತಿರುಗಿಸುತ್ತಿದ್ದ. ಒಂದು ದಿನ ತಂಗಿ ಮೊಬೈಲಿನಲ್ಲಿ ಒಂದೊಂದೇ ಹಾಕುತ್ತಾ ಹೋದಳು. ಹಳೇ ಯಕ್ಷಗಾನದ ರೆಕಾರ್ಡಿಂಗ್ ಬಂತು, ಚಂಡೆ ಬಿತ್ತು ನೋಡಿ, ಎಡಗೈ ಎತ್ತಿ ಇದೇ ಇರಲಿ ಅನ್ನುವ ಹಾಗೆ ತೋರಿಸಿದ. ಆಯಿಗೆ ಸ್ವಲ್ಪ ಬೇಜಾರಾಯಿತು, ಆದರೆ ಏನು ಮಾಡುವುದು, ಸ್ಟ್ರೋಕ್ ಆದದ್ದು ಅವನಿಗೆ ಅಲ್ವಾ.

ದಿನವಿಡೀ ಟಿವಿ ಹಾಕಿಡುವುದು ಇದರಲ್ಲಿ ಸೇರುವುದಿಲ್ಲ. ಒಂದು ಗಂಟೆ, ಬೇಕಾದರೆ ಅರ್ಧ ಗಂಟೆ ಎರಡು ಸಲ, ಉಳಿದ ಹೊತ್ತು ಮನೆ ಶಾಂತವಾಗಿರಲಿ. ಮಳೆಗಾಲದಲ್ಲಿ ನಮ್ಮ ಕಡೆ ಕರೆಂಟು, ನೆಟ್‌ವರ್ಕ್ ಎರಡನ್ನೂ ನಂಬುವ ಹಾಗಿಲ್ಲ, ಹಾಡುಗಳನ್ನು ಮೊದಲೇ ಡೌನ್‌ಲೋಡ್ ಮಾಡಿಟ್ಟುಕೊಳ್ಳಿ. ಮತ್ತೊಂದು ವಿಷಯ ಯಾರೂ ಹೇಳುವುದಿಲ್ಲ. ಮೆದುಳಿಗೆ ಪೆಟ್ಟಾದ ಮೇಲೆ, ಅದರಲ್ಲೂ ಬಲ ಭಾಗಕ್ಕೆ ಆದಾಗ, ಕೆಲವರಿಗೆ ಹಾಡು ಹಾಡಿನ ಹಾಗೆ ಕೇಳಿಸುವುದೇ ಇಲ್ಲ, ತಗಡು ಬಡಿದ ಹಾಗೆ ಕೇಳಿಸುತ್ತದೆ. ಮೊದಲು ಸಂಗೀತ ಅಂದರೆ ಪ್ರಾಣ ಬಿಡುತ್ತಿದ್ದವರು ಈಗ ಬಂದ್ ಮಾಡಿ ಅಂದರೆ ಹಠ ಅಂತ ತಿಳಿಯಬೇಡಿ.

ಮಾತು ಹೋದವರಿಗೆ

ನಾವು ಜಾಸ್ತಿ ಎಡವಿದ್ದು ಇಲ್ಲೇ.

ನಾಲ್ಕನೇ ವಾರ ಇರಬೇಕು. ಯಕ್ಷಗಾನದ ಪದ ಓಡುತ್ತಿತ್ತು, ಅಪ್ಪಯ್ಯ ಭಾಗವತರ ಜೊತೆ ಹಾಡಲು ಶುರು ಮಾಡಿದ. ಗುನುಗಿದ್ದಲ್ಲ, ಶಬ್ದ ಶಬ್ದವಾಗಿ ಹಾಡಿದ. ಆಯಿ ಅಡಿಗೆ ಮನೆಯಿಂದ ಓಡಿ ಬಂದಳು, ಅತ್ತೆಗೆ ಫೋನ್ ಹೋಯಿತು, ಎಲ್ಲರೂ ಅತ್ತೆವು, ಇನ್ನೇನು ಮಾತು ಬಂದೇ ಬಿಟ್ಟಿತು ಅಂದುಕೊಂಡೆವು. ಮಾರನೇ ಬೆಳಿಗ್ಗೆ ನೋಡಿದರೆ ನೀರು ಬೇಕು ಅನ್ನಲೂ ಅವನಿಗೆ ಆಗುತ್ತಿಲ್ಲ.

ಇದು ಹೊಸ ವಿಚಿತ್ರವೇನಲ್ಲ. ಮಾತು ಪೂರ್ತಿ ನಿಂತುಹೋದ ಒಬ್ಬ ಮನುಷ್ಯ ಚರ್ಚಿನ ಹಾಡನ್ನು ಸರಾಗವಾಗಿ ಹೇಳುತ್ತಿದ್ದ ಅಂತ ಸ್ವೀಡನ್ನಿನಲ್ಲಿ 1745ರಲ್ಲೇ ಬರೆದಿಟ್ಟಿದ್ದಾರೆ. ಮಾತು ಹೊರಡಿಸುವ ಕೆಲಸ ಹೆಚ್ಚಿನವರಲ್ಲಿ ಎಡ ಮೆದುಳಿನದು, ಹಾಡುವ ಕೆಲಸಕ್ಕೆ ಬಲ ಭಾಗವೂ ಕೈ ಹಾಕುತ್ತದೆ. ಬಾಯಿಪಾಠವಾದ ಹಾಡಂತೂ ಹೂವಿನ ಮಾಲೆಯ ಹಾಗೆ, ಒಂದು ಎಸಳು ಹಿಡಿದು ಎಳೆದರೆ ಇಡೀ ಮಾಲೆ ಬರುತ್ತದೆ, ಅದರಲ್ಲಿ ನಿಮಗೆ ಬೇಕಾದ ಒಂದು ಹೂವನ್ನು ಬಿಡಿಸಿಕೊಳ್ಳಲು ಆಗುವುದಿಲ್ಲ. ಹಾಗಾಗಿ ದಿನಾ ಹಾಡಿಸುತ್ತಾ ಇದ್ದರೆ ಮಾತು ತಾನಾಗೇ ಬರುತ್ತದೆ ಅಂತ ಕಾಯಬೇಡಿ.

ಆ ಹಾಡುವ ದಾರಿಯಿಂದಲೇ ಮಾತಿನ ಕಡೆ ನಡೆಸುವ ಪದ್ಧತಿ ಬೇರೆ ಇದೆ. ಅದರ ಹೆಸರು ಮೆಲೋಡಿಕ್ ಇಂಟೊನೇಶನ್ ಥೆರಪಿ. ಅಮೆರಿಕದ ಬಾಸ್ಟನ್ನಿನಲ್ಲಿ ಆಲ್ಬರ್ಟ್, ಸ್ಪಾರ್ಕ್ಸ್, ಹೆಲ್ಮ್ ಅನ್ನುವ ಮೂವರು 1973ರಲ್ಲಿ ಇದನ್ನು ಮುಂದಿಟ್ಟರು. ಇದರಲ್ಲಿ ಹಾಡೇ ಇಲ್ಲ! ಮನೆಯಲ್ಲಿ ಬೇಕಾಗುವ ಚಿಕ್ಕ ಮಾತನ್ನೇ ಎರಡು ಸ್ವರದಲ್ಲಿ ಎಳೆದು ಹೇಳಿಸುತ್ತಾರೆ. ಹಾರ್ಮೋನಿಯಂ ಲೆಕ್ಕದಲ್ಲಿ ಸಾಮಾನ್ಯವಾಗಿ ಷಡ್ಜ ಮತ್ತು ಕೋಮಲ ಗಾಂಧಾರದಷ್ಟು ಅಂತರ. ಒಂದೊಂದು ಅಕ್ಷರಕ್ಕೂ ರೋಗಿಯ ಎಡಗೈಯನ್ನು ಹಿಡಿದು ಮೇಜಿನ ಮೇಲೆ ತಟ್ಟಿಸುತ್ತಾರೆ. ಮೊದಲು ಗುನುಗುವುದು, ಆಮೇಲೆ ಥೆರಪಿಸ್ಟ್ ಜೊತೆ ಸೇರಿ ಹೇಳುವುದು, ಮುಂದೆ ಥೆರಪಿಸ್ಟ್ ಅರ್ಧದಲ್ಲಿ ದನಿ ತೆಗೆದುಬಿಡುವುದು, ರೋಗಿ ಒಬ್ಬನೇ ಮುಗಿಸುವುದು, ಕೊನೆಗೆ ಏನು ಬೇಕು ಅಂತ ಕೇಳಿದಾಗ ಉತ್ತರವಾಗಿ ಅದನ್ನೇ ಹೇಳುವುದು. ನಿಧಾನಕ್ಕೆ ರಾಗ ಇಳಿಸುತ್ತಾ ಮಾತಿನ ಹತ್ತಿರ ತರುತ್ತಾರೆ.

ಇಂಗ್ಲಿಷಿನಲ್ಲಿ ಒತ್ತು ಬೀಳುವ ಅಕ್ಷರಕ್ಕೆ ಮೇಲಿನ ಸ್ವರ. ನಮ್ಮ ಭಾಷೆಗೆ ಆ ಥರದ ಒತ್ತು ಇಲ್ಲ. ನಮ್ಮ ಸ್ಪೀಚ್ ಥೆರಪಿಸ್ಟ್ ಬುದ್ಧಿವಂತೆ, ದೀರ್ಘ ಅಕ್ಷರಕ್ಕೆ ಮೇಲಿನ ಸ್ವರ ಇಡಿಸಿದಳು. ಚಾ-ಬೇ-ಕು, ಮೂರು ತಟ್ಟು. ಯಾವ ಮಾತುಗಳನ್ನು ಕಲಿಸಬೇಕು ಅಂತ ಪಟ್ಟಿ ಮಾಡಿಕೊಡಲು ನಮಗೇ ಹೇಳಿದ್ದಳು. ನಾವು ದೊಡ್ಡ ಜನ, ದೇವರ ಹೆಸರು, ಮೊಮ್ಮಕ್ಕಳ ಹೆಸರು ಎಲ್ಲ ಬರೆದೆವು. ಅವಳು ನಕ್ಕು, ಅವರಿಗೆ ದಿನಕ್ಕೆ ಹತ್ತು ಸಲ ಏನು ಬೇಕಾಗುತ್ತದೋ ಅದನ್ನು ಬರೆಯಿರಿ ಅಂದಳು. ಆಗ ಹೊಸ ಪಟ್ಟಿ ಆಯಿತು. ಆಸ್ರಿಗೆ (ಕುಡಿಯಲು) ಬೇಕು, ಚಾ ಬೇಕು, ಫ್ಯಾನ್ ಹಾಕು, ಬಚ್ಚಲಿಗೆ ಹೋಗ್ಬೇಕು, ಸಾಕು. ಅಪ್ಪಯ್ಯನಿಗೆ ನಿಜವಾಗಿ ಬೇಕಾಗಿದ್ದು ಕವಳ, ಅಂದರೆ ಎಲೆ ಅಡಿಕೆ. ನುಂಗುವುದು ಸರಿ ಇದೆಯಾ ಅಂತ ಪರೀಕ್ಷೆ ಆಗುವವರೆಗೂ ಕವಳದ ಹೆಸರೇ ಎತ್ತಬೇಡಿ ಅಂತ ಅವಳದೇ ಕಟ್ಟಪ್ಪಣೆ. ಸ್ಟ್ರೋಕ್ ಆದವರಿಗೆ ನುಂಗುವಾಗ ಶ್ವಾಸನಾಳಕ್ಕೆ ಹೋಗುವ ಅಪಾಯ ಇರುತ್ತದೆ, ಇದನ್ನು ಹಗುರವಾಗಿ ತಗೊಳ್ಳಬೇಡಿ.

ಮನೆಯ ಮಾತು ಯಾವುದೋ ಅದರಲ್ಲೇ ಕಲಿಸಿ. ನಮ್ಮಲ್ಲಿ ಹವ್ಯಕ ಮಾತು, ಕಾರವಾರದ ಮನೆಗಳಲ್ಲಿ ಕೊಂಕಣಿ. ಪುಸ್ತಕದ ಕನ್ನಡದಲ್ಲಿ ಕಲಿಸಿದರೆ ಅದು ಅಡಿಗೆ ಮನೆವರೆಗೂ ಬರುವುದಿಲ್ಲ. ಥೆರಪಿಸ್ಟಿಗೆ ಕೊಂಕಣಿ ಬರದಿದ್ದರೆ ಮನೆಯವರು ಕೂತು ಹೇಳಿಕೊಡಬೇಕು.

ಯಾರಿಗೆ ಇದು ಹೊಂದುತ್ತದೆ? ಎಡ ಮೆದುಳಿಗೆ ಪೆಟ್ಟಾಗಿ, ಹೇಳಿದ್ದೆಲ್ಲ ಅರ್ಥವಾಗುತ್ತಾ, ಮಾತು ಮಾತ್ರ ಹೊರಡದವರಿಗೆ. ಸರಾಗವಾಗಿ ಏನೇನೋ ಅರ್ಥವಿಲ್ಲದ್ದು ಮಾತಾಡುತ್ತಾ, ನಾವು ಹೇಳಿದ್ದು ತಲೆಗೆ ಹೋಗದವರಿಗೆ ಇದು ಅಲ್ಲ. ಅಮೆರಿಕದ ಆಗಿನ ಸಂಸದೆ ಗ್ಯಾಬ್ರಿಯೆಲ್ ಗಿಫರ್ಡ್ಸ್ ಅವರಿಗೆ 2011ರ ಜನವರಿಯಲ್ಲಿ ತಲೆಗೆ ಗುಂಡು ಬಿದ್ದಿತ್ತು, ಎಡ ಭಾಗಕ್ಕೆ. ಮಾತು ಮರಳಿ ಕಲಿಯುವಾಗ ಮ್ಯೂಸಿಕ್ ಥೆರಪಿ ಅವರಿಗೆ ದೊಡ್ಡ ಆಸರೆಯಾಯಿತು. ಆದರೆ ಜೊತೆಗೆ ಸ್ಪೀಚ್ ಥೆರಪಿ, ಫಿಸಿಯೋ ಎಲ್ಲ ಇತ್ತು, ದಿನಗಟ್ಟಲೆ, ತಿಂಗಳುಗಟ್ಟಲೆ. ಟಿವಿಯಲ್ಲಿ ತೋರಿಸುವುದು ಹಾಡುವ ಆ ಎರಡು ನಿಮಿಷ ಮಾತ್ರ.

ಹೊತ್ತಿನ ಲೆಕ್ಕ ಕೇಳಿದರೆ ಹೆದರಿಕೆ ಆಗುತ್ತದೆ. ಬಾಸ್ಟನ್ನಿನ ಇನ್ನೊಂದು ತಂಡ ಇದನ್ನು ಮಾಡಿಸಿದ್ದು ದಿನಕ್ಕೆ ಒಂದೂವರೆ ಗಂಟೆ, ವಾರಕ್ಕೆ ಐದು ದಿನ, ಒಟ್ಟು 75 ಸೆಷನ್ ಮೇಲೆ. ವಾರಕ್ಕೊಂದು ದಿನ ಶಿರಸಿಯಿಂದ ಹುಬ್ಬಳ್ಳಿಗೆ 100 ಕಿಲೋಮೀಟರ್ ಕಾರಿನಲ್ಲಿ ಕುಲುಕಿಸಿಕೊಂಡು ಹೋಗಿ ಅರ್ಧ ಗಂಟೆ ಕೂತು ಬಂದರೆ ಅದರ ಕಾಲು ಭಾಗವೂ ಆಗುವುದಿಲ್ಲ. ಹಾಗಾಗಿ ನನ್ನ ಮಟ್ಟಿಗೆ ಸರಿ ಕಂಡ ದಾರಿ ಇಷ್ಟು. ಥೆರಪಿಸ್ಟ್ ಹತ್ತಿರ ಮನೆಯ ಒಬ್ಬರು ಸರಿಯಾಗಿ ಕಲಿಯಬೇಕು, ದಿನಾ ಮಾಡಿಸಬೇಕು, 15 ದಿನಕ್ಕೊಮ್ಮೆ ವೀಡಿಯೋ ಕಾಲಿನಲ್ಲಿ ತಿದ್ದಿಸಿಕೊಳ್ಳಬೇಕು. ನನಗೆ ಸ್ವರ ಬರುವುದಿಲ್ಲ, ನಾನು ಹಾಡಿದರೆ ಕೊಟ್ಟಿಗೆಯ ದನ ಕಿವಿ ನಿಮಿರಿಸುತ್ತದೆ ಅಂತ ಹಿಂಜರಿಯಬೇಡಿ. ಜರ್ಮನಿಯಲ್ಲಿ 17 ರೋಗಿಗಳ ಮೇಲೆ 2011ರಲ್ಲಿ ನೋಡಿದಾಗ, ಮಾತು ಹೊರಡಲು ಸ್ವರಕ್ಕಿಂತ ತಾಳದ ಪಾಲೇ ಜಾಸ್ತಿ ಅಂತ ಕಂಡಿತು.

ಮಾಮೂಲಿ ಸ್ಪೀಚ್ ಥೆರಪಿ ಬಿಟ್ಟು ಇದಕ್ಕೆ ಹೋಗಬಹುದಾ? ಬೇಡ. ಸ್ಟ್ರೋಕ್ ಆಗಿ ವರ್ಷ ದಾಟಿದವರ ಮೇಲೆ ನೆದರ್‌ಲ್ಯಾಂಡಿನಲ್ಲಿ ನೋಡಿದಾಗ, ಕಲಿಸಿದ ಮಾತುಗಳಷ್ಟೇ ಸ್ವಲ್ಪ ಸುಧಾರಿಸಿದವು, ಅದೂ ಗಟ್ಟಿಯಾಗಿ ಉಳಿಯಲಿಲ್ಲ. ಮೊದಲ ಕೆಲವು ತಿಂಗಳು ಮೆದುಳು ಜಾಸ್ತಿ ಬಾಗುವ ಕಾಲ, ಶುರು ಮಾಡುವುದಾದರೆ ಆಗಲೇ ಮಾಡಿ. ತಡವಾಗಿ ಶುರು ಮಾಡುವವರು ಪಟ್ಟಿಯನ್ನು ಇನ್ನೂ ಚಿಕ್ಕದು ಮಾಡಿ.

ಕಾಲು ಎಳೆಯುವವರಿಗೆ

ನನ್ನ ಲೆಕ್ಕದಲ್ಲಿ ದುಡ್ಡಿಗೆ, ಹೊತ್ತಿಗೆ ಹೋಲಿಸಿದರೆ ಅತಿ ಜಾಸ್ತಿ ಫಲ ಕೊಡುವುದು ಇದು. ಹೆಸರು ಉದ್ದ, ರಿದಮಿಕ್ ಆಡಿಟರಿ ಸ್ಟಿಮ್ಯುಲೇಶನ್. ಅಮೆರಿಕದ ಕೊಲೊರಾಡೋದಲ್ಲಿ ಮೈಕೆಲ್ ಥೌಟ್ ಅನ್ನುವವರು 1990ರ ದಶಕದಲ್ಲಿ ಬೆಳೆಸಿದ್ದು. ಕೆಲಸ ಸರಳ. ಕಿವಿಗೆ ಬೀಳುವ ಸಮ ಪೆಟ್ಟಿಗೆ ಕಾಲು ತಾನಾಗೇ ಕೂಡಿಕೊಳ್ಳುತ್ತದೆ. ಸುಗ್ಗಿ ಕುಣಿತದವರ ಗುಮಟೆ ಕೇಳಿದಾಗ ರಸ್ತೆ ಬದಿ ನಿಂತವರ ಕಾಲೂ ಅಲ್ಲಾಡುತ್ತದಲ್ಲ, ಅದೇ.

ಮಾಡುವುದು ಹೀಗೆ. ರೋಗಿ ಈಗ ಹೇಗೆ ನಡೆಯುತ್ತಾರೋ ಹಾಗೇ ನಡೆಯಲಿ, ನಿಮಿಷಕ್ಕೆ ಎಷ್ಟು ಹೆಜ್ಜೆ ಅಂತ ಎಣಿಸಿ. ಅಪ್ಪಯ್ಯನದು 58 ಇತ್ತು. ಮೊಬೈಲಿನಲ್ಲಿ ಮೆಟ್ರೊನೋಮ್ ಅಂತ ಹುಡುಕಿದರೆ ಬಿಟ್ಟಿ ಆ್ಯಪ್ ಸಿಗುತ್ತದೆ, ಅದನ್ನು 58ಕ್ಕೇ ಇಡಿ. ಟಿಕ್ ಅಂದಾಗ ಹೆಜ್ಜೆ. ಮೊದಲ ದಿನಗಳಲ್ಲಿ ವೇಗದ ಆಸೆ ಬೇಡ, ಎಡ ಬಲ ಹೆಜ್ಜೆ ಸಮ ಆಗಲಿ. ಅದು ಕೂತ ಮೇಲೆ ನೂರಕ್ಕೆ ಐದರಷ್ಟು ಏರಿಸಿ, 58 ಇದ್ದದ್ದು 61. ಫಿಸಿಯೋದವರು ಒಪ್ಪಿದ ಮೇಲೆ ಮತ್ತೆ ಏರಿಸಿ. ಆರೋಗ್ಯವಾಗಿರುವವರದು ನಿಮಿಷಕ್ಕೆ 100ರಿಂದ 120 ಇರುತ್ತದೆ, ಅದನ್ನು ಮುಟ್ಟಲೇಬೇಕು ಅಂತೇನಿಲ್ಲ.

ಟಿಕ್ ಟಿಕ್ ಬೇಜಾರಾದರೆ ಹಾಡು ಹಾಕಬಹುದು, ಆದರೆ ಇಲ್ಲಿ ನಿಮ್ಮ ಊರಿನ ತಬಲಾ ಮೇಷ್ಟ್ರ ಸಲಹೆ ತಗೊಳ್ಳಿ. ಎಂಟು ಮಾತ್ರೆಯ, ಅಂದರೆ ಎಂಟು ಎಣಿಕೆಯ, ಕೆಹರ್ವಾ ತಾಳದ ಭಜನೆ ಚೆನ್ನಾಗಿ ಹೊಂದುತ್ತದೆ. ದಾದ್ರಾ ತಾಳದ ಜೋರು ಪೆಟ್ಟು ಮೂರು ಮಾತ್ರೆಗೊಮ್ಮೆ ಬೀಳುವುದರಿಂದ ಒಮ್ಮೆ ಎಡಗಾಲಿಗೆ, ಮುಂದಿನ ಸಲ ಬಲಗಾಲಿಗೆ ಬರುತ್ತದೆ, ಮೊದಲೇ ತಡವರಿಸುವವರಿಗೆ ಗೊಂದಲ. ಝಂಪೆ ತಾಳವಂತೂ ಬೇಡವೇ ಬೇಡ. ಅಪ್ಪಯ್ಯನ ಪ್ರೀತಿಯ ಯಕ್ಷಗಾನವೂ ಇಲ್ಲಿ ಸೋತಿತು. ಭಾಗವತರು ಪದ ಎತ್ತಿದ ವೇಗದಲ್ಲೇ ಮುಗಿಸುತ್ತಾರಾ? ಏರಿಸಿಕೊಂಡೇ ಹೋಗುತ್ತಾರೆ, ಯುದ್ಧದ ಪದ ಬಂದರೆ ಕೇಳುವುದೇ ಬೇಡ.

ಮನೆಯವರು ತಾಳ ಹಾಕುವುದೂ ಅಷ್ಟು ಒಳ್ಳೆಯದಲ್ಲ. ನಮ್ಮಲ್ಲಿ ತಂಗಿಯ ಮಗ ಭಜನೆ ತಾಳ ಹಿಡಿದು ಉತ್ಸಾಹದಿಂದ ಹೊಡೆಯುತ್ತಿದ್ದ. ಅಜ್ಜ ನಿಧಾನ ಮಾಡಿದರೆ ಅವನೂ ನಿಧಾನ ಮಾಡುತ್ತಿದ್ದ. ಪ್ರೀತಿಯಿಂದಲೇ, ಪಾಪ. ಆದರೆ ಕಾಲು ತಾಳದ ಹಿಂದೆ ಹೋಗಬೇಕು, ತಾಳವೇ ಕಾಲಿನ ಹಿಂದೆ ಹೋದರೆ ಏನು ಉಪಯೋಗ? ಯಂತ್ರಕ್ಕೆ ಕರುಣೆ ಇಲ್ಲ, ಅದಕ್ಕೇ ಅದು ವಾಸಿ.

ಬೀಳುವ ಭಯ ಇದ್ದೇ ಇರುತ್ತದೆ. ಸೋತ ಕಾಲಿನ ಕಡೆ ಒಬ್ಬರು ಇರಲೇಬೇಕು, ಸೊಂಟಕ್ಕೆ ಅಗಲ ಪಟ್ಟಿ ಕಟ್ಟಿ ಹಿಡಿದುಕೊಳ್ಳಿ. ಮಳೆಗಾಲದಲ್ಲಿ ಅಂಗಳಕ್ಕೆ ಪಾಚಿ, ಚಳಿಗಾಲದಲ್ಲಿ ಅಂಗಳದ ತುಂಬಾ ಅಡಿಕೆ. ಜಗಲಿಯ ಉದ್ದಕ್ಕೆ ನಡೆಸುವುದೇ ಲೇಸು. ಇಯರ್‌ಫೋನ್ ಬೇಡ, ಹಿಂದಿನಿಂದ ಕರೆದರೆ ಕೇಳಿಸಬೇಕು.

ಕೈಗೆ ವಾದ್ಯ

ಜರ್ಮನಿಯಲ್ಲಿ 2007ರಲ್ಲಿ 20 ರೋಗಿಗಳಿಗೆ ಎಲೆಕ್ಟ್ರಾನಿಕ್ ಪಿಯಾನೋ, ಡ್ರಮ್ ಪ್ಯಾಡ್ ಕೊಟ್ಟು ಮೂರು ವಾರದಲ್ಲಿ ಅರ್ಧರ್ಧ ಗಂಟೆಯ 15 ಪಾಠ ಮಾಡಿದ್ದರು, ಸಂಗೀತ ಗೊತ್ತಿಲ್ಲದವರಿಗೇ. ಬೆರಳಿನ ಚುರುಕು ಸುಧಾರಿಸಿತು. ಬೆರಳು ಸರಿಯಾಗಿ ಒತ್ತಿದರೆ ಸರಿಯಾದ ಸ್ವರ, ತಪ್ಪಿದರೆ ತಕ್ಷಣ ಕಿವಿಗೆ ಗೊತ್ತಾಗುತ್ತದೆ, ಅದೇ ಇದರ ಗುಟ್ಟು. ಆದರೆ ಆಮೇಲೆ 2018ರಲ್ಲಿ ಸ್ಪೇನಿನಲ್ಲಿ, ಅಷ್ಟೇ ಹೊತ್ತು ಮಾಮೂಲಿ ಕೈ ವ್ಯಾಯಾಮ ಮಾಡಿದವರ ಜೊತೆ ಹೋಲಿಸಿದಾಗ ಇಬ್ಬರೂ ಒಂದೇ ಥರ ಸುಧಾರಿಸಿದ್ದರು. ಅಂದರೆ ವಾದ್ಯ ಮೇಲು ಅಂತೇನಿಲ್ಲ, ವ್ಯಾಯಾಮ ಬೇಜಾರು ಅನ್ನುವವರಿಗೆ ಇದು ಬೇಜಾರಿಲ್ಲದ ದಾರಿ.

ಬಲಗೈ ಸೋತವರಿಗೆ ಹಾರ್ಮೋನಿಯಂ ಅನುಕೂಲ, ಎಡಗೈಯಲ್ಲಿ ತಿದಿ ಒತ್ತುತ್ತಾ ಬಲಗೈ ಬೆರಳು ಆಡಿಸಬಹುದು. ಎಡಗೈ ಸೋತಿದ್ದರೆ ತಿದಿ ಒತ್ತಲು ಇನ್ನೊಬ್ಬರು ಬೇಕು, ಅದಕ್ಕಿಂತ ಕೀಬೋರ್ಡ್ ವಾಸಿ. ಬೆರಳು ಸ್ವಲ್ಪವಾದರೂ ಅಲ್ಲಾಡಬೇಕು, ಪೂರ್ತಿ ಸೆಟೆದ ಕೈಗೆ ಇದು ಕಷ್ಟ. ಅಪ್ಪಯ್ಯನಿಗೆ ಆಗಿದ್ದು ಹಾಗೇ.

ಭಜನೆ, ತಾಳಮದ್ದಳೆ

ಇದನ್ನು ಚಿಕಿತ್ಸೆ ಅಂತ ಕರೆಯಬೇಡಿ, ಆದರೂ ಬಿಡಬೇಡಿ. ಮಾತು ಹೋದವರು ಮೊದಲು ಕಳೆದುಕೊಳ್ಳುವುದು ಜನರನ್ನು. ಮಾತು ಹೋದವರದೇ ಹಾಡುವ ತಂಡಗಳು ಹೊರದೇಶಗಳಲ್ಲಿ ಇವೆ, ನಮ್ಮಲ್ಲಿ ಶನಿವಾರದ ಭಜನೆ ಇದೆ. ಅಲ್ಲಿ ಎಲ್ಲರ ದನಿಯೊಳಗೆ ನಮ್ಮ ದನಿಯೂ ಇರುತ್ತದೆ, ಒಬ್ಬರೇ ಸಿಕ್ಕಿಬೀಳುವುದಿಲ್ಲ. ಹಾಲಕ್ಕಿ ಒಕ್ಕಲಿಗರ ಕೇರಿಗಳಲ್ಲಂತೂ, ಜಾನಪದ ಹಾಡುಗಾರ್ತಿ ಪದ್ಮಶ್ರೀ ಸುಕ್ರಿ ಬೊಮ್ಮಗೌಡ ಅವರ ಊರಿನ ಕಡೆ, ಹಾಡು ಕೆಲಸದ ಜೊತೆಗೇ ಇದ್ದದ್ದು. ಅಂಥ ಮನೆಯ ಅಜ್ಜಿಗೆ ಸ್ಟ್ರೋಕ್ ಆದರೆ ಹೊರಗಿನಿಂದ ಸಂಗೀತ ತರಬೇಕಾಗಿಲ್ಲ, ಜೊತೆಯವರನ್ನು ಕರೆದು ಕೂರಿಸಿದರೆ ಸಾಕು.

ರಾಗ ಪ್ಯಾಕೇಜ್

ಒಂದು ಕಡೆ ನಾವೂ ಮೋಸ ಹೋದೆವು, ಯಾರು ಎಲ್ಲಿ ಅಂತ ಬರೆಯುವುದಿಲ್ಲ. 21 ದಿನದ ಪ್ಯಾಕೇಜ್, ಪೆನ್‌ಡ್ರೈವಿನಲ್ಲಿ ರಾಗ, ಜೊತೆಗೆ ಕಿವಿಗೆ ಗುಂಯ್ ಅನ್ನುವ ಏನೋ ತರಂಗ. ರೋಗಿಗೆ ಯಾವ ಕಡೆಗೆ ಪೆಟ್ಟು ಅಂತ ಅವರು ಕೇಳಲೇ ಇಲ್ಲ, ಸ್ಕ್ಯಾನ್ ರಿಪೋರ್ಟ್ ತೋರಿಸಲು ಹೋದರೆ ಬೇಡ ಅಂದರು. ಆಗಲೇ ಎದ್ದು ಬರಬೇಕಿತ್ತು. ರಾಗ ಕೇಳುವುದರಿಂದ ಮನಸ್ಸಿಗೆ ಹಿತ, ಅದಕ್ಕೆ ನನ್ನ ತಕರಾರಿಲ್ಲ. ಇಂಥ ರಾಗದಿಂದ ಇಂಥ ನರ ಬಿಚ್ಚುತ್ತದೆ ಅನ್ನುವುದಕ್ಕೆ ಆಧಾರ ಇಲ್ಲ.

ಬೈಕಿನಿಂದ, ಮರದಿಂದ ಬಿದ್ದವರು

ಇಲ್ಲಿಯವರೆಗೆ ಹೇಳಿದ್ದು ಹೆಚ್ಚಾಗಿ ಸ್ಟ್ರೋಕಿನ ಮಾತು. ನಮ್ಮ ಜಿಲ್ಲೆಯಲ್ಲಿ ಹೆದ್ದಾರಿಯಲ್ಲಿ ಬೈಕಿನಿಂದ ಬಿದ್ದವರು, ಅಡಿಕೆ ಕೊನೆ ಕೊಯ್ಯಲು ಹತ್ತಿ ಬಿದ್ದವರು ಕಡಿಮೆ ಏನಲ್ಲ. ತಲೆಪೆಟ್ಟಿನ ಸಂಗತಿ ಸ್ವಲ್ಪ ಬೇರೆ. ಪೆಟ್ಟು ಒಂದೇ ಜಾಗಕ್ಕೆ ಆಗಿರುವುದಿಲ್ಲ, ಗಮನ, ಸಿಟ್ಟು, ನಿದ್ದೆ ಎಲ್ಲ ಕದಡಿರುತ್ತದೆ. ಅಂಕೋಲಾ ಕಡೆಯ ನಮ್ಮ ಪರಿಚಯದ ಹುಡುಗನೊಬ್ಬನಿಗೆ ಗೆಳೆಯರು ಪ್ರೀತಿಯಿಂದ ಸ್ಪೀಕರ್ ತಂದುಕೊಟ್ಟರು, ಅವನು ಎರಡು ನಿಮಿಷಕ್ಕೆ ಕಿವಿ ಮುಚ್ಚಿ ಕೂಗಾಡಿದ. ಇಂಥವರಿಗೆ ಮೊದಲು ಶಾಂತಿ ಬೇಕು. ಹಾಡು ಹಾಕುವುದಾದರೆ ಒಂದೇ ಹಾಡು, ಸಣ್ಣ ದನಿ, ಐದು ನಿಮಿಷ, ಮುಖ ನೋಡುತ್ತಾ ಇರಿ. ಹುಬ್ಬು ಗಂಟು ಹಾಕಿದರೆ, ಬೆವರಿದರೆ ನಿಲ್ಲಿಸಿ. ಫಿಟ್ಸ್ ಬರುತ್ತಿದ್ದರೆ ಡಾಕ್ಟರನ್ನು ಕೇಳಿಯೇ ಶುರು ಮಾಡಿ, ಅಪರೂಪಕ್ಕೆ ಸಂಗೀತವೇ ಫಿಟ್ಸ್ ತರಿಸುವವರು ಇದ್ದಾರೆ. ನಡಿಗೆಗೆ ಹೇಳಿದ ತಾಳದ ಅಭ್ಯಾಸ ಮಾತ್ರ ಇವರಿಗೂ, ಸ್ವಲ್ಪ ಸಮಾಧಾನಕ್ಕೆ ಬಂದ ಮೇಲೆ, ಮಾಡಿಸಬಹುದು.

ಎಲ್ಲಿ, ಯಾರ ಹತ್ತಿರ

ಜಿಲ್ಲೆಗೆ ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕು ಅಂತ ನಾವು ವರ್ಷಗಳಿಂದ ಕೂಗುತ್ತಿದ್ದೇವೆ, ಅದರ ಮಧ್ಯೆ ಮ್ಯೂಸಿಕ್ ಥೆರಪಿಸ್ಟ್ ಕೇಳುವುದು ನಗೆಪಾಟಲು. ಕಾರವಾರದವರು ಗೋವಾದ ಬಾಂಬೋಳಿಗೆ, ಕರಾವಳಿಯವರು ಮಣಿಪಾಲಕ್ಕೆ, ಘಟ್ಟದ ಮೇಲಿನವರು ಹುಬ್ಬಳ್ಳಿಗೆ ಓಡುವುದು ಇದ್ದದ್ದೇ. ಕಾರವಾರದ ಮೆಡಿಕಲ್ ಕಾಲೇಜಿನಲ್ಲೂ ಮೊದಲು ಕೇಳಿ ನೋಡಿ, ಫಿಸಿಯೋ ಹತ್ತಿರದಲ್ಲೇ ಸಿಕ್ಕಿದರೆ ಅಷ್ಟು ಓಡಾಟ ಉಳಿಯುತ್ತದೆ. ಮಾತಿನ ವಿಷಯಕ್ಕೆ ಮೈಸೂರಿನ ವಾಕ್ ಶ್ರವಣ ಸಂಸ್ಥೆ ದೊಡ್ಡ ಹೆಸರು, ಕೇಂದ್ರ ಸರ್ಕಾರದ್ದು. ದೂರ ಹೌದು, ಆದರೆ ಒಮ್ಮೆ ಹೋಗಿ ಪೂರ್ತಿ ಪರೀಕ್ಷೆ ಮಾಡಿಸಿಕೊಂಡು, ಮನೆಯಲ್ಲಿ ಏನು ಮಾಡಬೇಕು ಅಂತ ಬರೆಸಿಕೊಂಡು ಬಂದರೆ ಹತ್ತು ಸಲ ಅಲ್ಲಿ ಇಲ್ಲಿ ಅಲೆಯುವುದಕ್ಕಿಂತ ವಾಸಿ. ಮೆದುಳು, ನರದ ದೊಡ್ಡ ತೊಂದರೆಗೆ ಬೆಂಗಳೂರಿನ ನಿಮ್ಹಾನ್ಸ್.

ಯಾರನ್ನು ನಂಬಬೇಕು ಅನ್ನುವುದಕ್ಕೆ ನನ್ನ ಅಳತೆ ಹೀಗಿದೆ. ಮಾತಿಗೆ ಸ್ಪೀಚ್ ಥೆರಪಿಸ್ಟ್, ಅವರಿಗೆ ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಇರುತ್ತದೆ, ಅಂದರೆ ಆರ್‌ಸಿಐ ನಂಬರ್, ಅದನ್ನು ಕೇಳಲು ಸಂಕೋಚ ಬೇಡ. ನಡಿಗೆಗೆ ಫಿಸಿಯೋ. ಊರಿನ ಸಂಗೀತ ಮೇಷ್ಟ್ರು ಇವರಿಬ್ಬರ ಜೊತೆಗೆ, ಇವರ ಬದಲಿಗೆ ಅಲ್ಲ. ಮ್ಯೂಸಿಕ್ ಥೆರಪಿಸ್ಟ್ ಅಂತ ಬೋರ್ಡ್ ಹಾಕಿಕೊಂಡವರು ಸಿಕ್ಕಿದರೆ ಎಲ್ಲಿ ಕಲಿತದ್ದು, ಮೆದುಳಿನ ರೋಗಿಗಳ ಜೊತೆ ಆಸ್ಪತ್ರೆಯಲ್ಲಿ ಕೆಲಸ ಮಾಡಿದ್ದೀರಾ ಅಂತ ಕೇಳಿ. ಸ್ಕ್ಯಾನ್ ರಿಪೋರ್ಟ್ ನೋಡಲು ಕೇಳುತ್ತಾರಾ, ಮೊದಲ ದಿನ ಏನನ್ನಾದರೂ ಅಳೆದು ಬರೆದುಕೊಳ್ಳುತ್ತಾರಾ ಗಮನಿಸಿ. ಅಳೆಯದವರು ಆರು ವಾರದ ಮೇಲೆ ಸುಧಾರಿಸಿದೆ ಅಂದರೆ ನೀವೇ ನಂಬಬೇಕಾಗುತ್ತದೆ.

ಮನೆಯಲ್ಲೂ ಅಳೆಯಿರಿ. ಭಾನುವಾರ ಭಾನುವಾರ ಒಂದೇ ಜಾಗದಲ್ಲಿ ನಡೆಸಿ ವೀಡಿಯೋ ಮಾಡಿ, ಹೆಜ್ಜೆ ಎಣಿಸಿ ಕ್ಯಾಲೆಂಡರಿನಲ್ಲಿ ಬರೆಯಿರಿ. ರಾಗವಿಲ್ಲದೆ ಎಷ್ಟು ಮಾತು ಬಂತು ಅಂತ ಬರೆಯಿರಿ. ದಿನಾ ನೋಡುವವರಿಗೆ ಬದಲಾವಣೆ ಕಾಣುವುದಿಲ್ಲ, ಕ್ಯಾಲೆಂಡರಿಗೆ ಕಾಣುತ್ತದೆ. ಅಪ್ಪಯ್ಯನ 58 ಈಗ 84 ಆಗಿದೆ. ಪಟ್ಟಿಯ ಮಾತುಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಬರುತ್ತವೆ, ಪಟ್ಟಿಯಲ್ಲಿ ಇಲ್ಲದ ಕವಳವೂ ಬಂತು, ಯಾರು ಕಲಿಸಿದರೋ ಗೊತ್ತಿಲ್ಲ. ಆರು ವಾರ ಬಿಡದೆ ಮಾಡಿಯೂ ಏನೂ ಕದಲದಿದ್ದರೆ ಅದನ್ನು ಬಿಟ್ಟು ಆ ಹೊತ್ತನ್ನು ಬೇರೆಯದಕ್ಕೆ ಕೊಡಿ. ನಾವು ಹಾರ್ಮೋನಿಯಂ ಬಿಟ್ಟದ್ದು ಹಾಗೇ. ಅತ್ತೆಯ ಮನೆಯದ್ದು ಅದು, ಈಗ ನಮ್ಮ ಅಟ್ಟದ ಮೇಲಿದೆ, ಎರಡು ಸ್ವರದ ಮನೆ (ಕೀ) ಸ್ವಲ್ಪ ಗೊಗ್ಗರು, ಉಳಿದದ್ದು ಸರಿ ಇದೆ. ಕೈಗೆ ಬೇಕಾದವರು ಶಿರಸಿ ಕಡೆ ಬಂದಾಗ ಒಯ್ಯಬಹುದು.